ವಿಷಕ್ಕೆ ಒಪ್ಪಿಗೆ ಕೊಟ್ಟವರು ಯಾರು?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆಯ ವಿಷಯ, ಸಾಲದ ವಿಷಯ ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಾರೆ. ನಾನು ಹೇಳೋದೂ ಅದಕ್ಕೇ ಸೇರಿದ್ದು. ನಾವು ಹೊಲಕ್ಕೆ ಹೊಡೆಯುವ ವಿಷದ ಬಗ್ಗೆ ದೂರದ ಜಿನೀವಾದಲ್ಲಿ ದೇಶದೇಶಗಳವರು ಕೂತು ತೀರ್ಮಾನ ಮಾಡ್ತಾರೆ. ಅಲ್ಲಿ ನಮ್ಮ ಹೆಸರು ಹೇಳಿಯೇ ವಾದ ಮಾಡ್ತಾರೆ. ಏನು ವಾದ ಅಂತ ನಮಗೆ ತಿಳಿದಿರಬೇಡವೇ?

ಈ ಒಪ್ಪಂದಗಳು ಯಾಕೆ ಹುಟ್ಟಿದವು ಅನ್ನೋದನ್ನ ಮೊದಲು ಕೇಳಿ. ಆಫ್ರಿಕಾದ ನೈಜೀರಿಯಾದಲ್ಲಿ ಕೋಕೋ ಅಂತ ಒಂದು ಬಂದರು ಊರು. 1987-88ರಲ್ಲಿ ಇಟಲಿಯಿಂದ ಸಾವಿರಾರು ಡ್ರಮ್ ವಿಷದ ಕಸ ಹಡಗಿನಲ್ಲಿ ಬಂದು ಅಲ್ಲಿ ಇಳಿಯಿತು. ಕಾಗದದಲ್ಲಿ ಬೇರೆ ಸರಕು ಅಂತ ಬರೆದಿತ್ತು. ಊರಿನ ಒಬ್ಬನ ಜಾಗವನ್ನು ತಿಂಗಳಿಗೆ ನೂರು ಡಾಲರ್ ಬಾಡಿಗೆಗೆ ಹಿಡಿದು ಪೇರಿಸಿಟ್ಟರು. ಗುಟ್ಟು ರಟ್ಟಾದ ಮೇಲೆ ಇಟಲಿ ಅದನ್ನು ವಾಪಸು ಒಯ್ಯಬೇಕಾಯಿತು. ಮಾರನೇ ವರ್ಷ, 1989ರಲ್ಲಿ, ಬಾಸೆಲ್ ಒಪ್ಪಂದ ಆಯಿತು. ಅಪಾಯದ ಕಸ ಕಳಿಸುವ ದೇಶ ಮೊದಲೇ ತಿಳಿಸಬೇಕು, ಪಡೆಯುವ ದೇಶ ಬರಹದಲ್ಲಿ ಒಪ್ಪಬೇಕು ಅಂತ.

ಅದೇ ನ್ಯಾಯವನ್ನು 1998ರ ರೋಟರ್‌ಡ್ಯಾಮ್ ಒಪ್ಪಂದ ಕೀಟನಾಶಕಗಳಿಗೂ ತಂದಿತು. 2005ರಲ್ಲಿ ನಮ್ಮ ದೇಶವೂ ಸೇರಿತು. ಅದರಲ್ಲಿ ಒಂದು ಪಟ್ಟಿ ಇದೆ. ಪಟ್ಟಿಗೆ ಸೇರಿದ ವಿಷವನ್ನು ನಿಷೇಧ ಮಾಡಿದ ಹಾಗಲ್ಲ. ಅದರ ಗುಣ-ದೋಷ ತಿಳಿದುಕೊಂಡು ಹೂಂ ಅನ್ನಲಿಕ್ಕೆ, ಊಹೂಂ ಅನ್ನಲಿಕ್ಕೆ ಕೊಳ್ಳುವ ದೇಶಕ್ಕೆ ಹಕ್ಕು ಉಂಟು, ಅಷ್ಟೇ. ಬೇಗ ಕರಗದೆ ತಾಯಿಯ ಎದೆಹಾಲಿನವರೆಗೂ ಸೇರುವ ವಿಷಗಳಿಗೆ 2001ರ ಸ್ಟಾಕ್‌ಹೋಮ್ ಒಪ್ಪಂದ ಬೇರೆ ಇದೆ.

ಕಾಯಿದೆ ಚೆನ್ನಾಗಿದೆ. ನಡೆದದ್ದು ನೋಡಿ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ನಿಮಗೆ ಗೊತ್ತು. ಒಂದು ಗುಟುಕು ಹೊಟ್ಟೆಗೆ ಹೋದರೂ ಬದುಕೋದು ಕಷ್ಟ. ಅದಕ್ಕೆ ಪ್ರತಿವಿಷವೇ ಇಲ್ಲ. ಯುರೋಪಿನವರು 2007ರಲ್ಲೇ ತಮ್ಮ ಹೊಲಕ್ಕೆ ಅದು ಬೇಡ ಅಂದರು. ಇಂಗ್ಲೆಂಡಿನ ಕಾರ್ಖಾನೆ ಮಾತ್ರ ಹೊರದೇಶಗಳಿಗೆ ಅದನ್ನು ಮಾಡಿ ಕಳಿಸ್ತಾ ಬಂತು. ಇದು ಪಟ್ಟಿಗೆ ಸೇರಲಿ ಅಂತ ಒಪ್ಪಂದದ ತಜ್ಞರ ಸಮಿತಿಯೇ ಹೇಳಿತು. ಆದರೆ ಅಲ್ಲಿ ಎಲ್ಲ ದೇಶವೂ ಒಪ್ಪಬೇಕು; ಒಬ್ಬರು ತಲೆ ಅಲ್ಲಾಡಿಸಿದರೂ ಕೆಲಸ ನಿಂತಿತು. 2013ರಲ್ಲಿ ತಡೆದ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು! ತಿಳಿಸಿ ಕಳಿಸಿ ಅನ್ನೋದಕ್ಕೂ ನಮ್ಮವರು ಬೇಡ ಅಂದರು.

ಎಂಡೋಸಲ್ಫಾನ್ ಕಥೆ ನಮ್ಮ ಮನೆಬಾಗಿಲಿನದು. ಕಾಸರಗೋಡಿನಲ್ಲಿ, ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಕಡೆ, ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದರು. ಅಂಗವಿಕಲ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬೀದಿಗೆ ಬಂದರು. ಆದರೂ ಇದು ಅಗ್ಗ, ರೈತನಿಗೆ ಬೇಕು ಅಂತ ನಮ್ಮ ಸರ್ಕಾರ 2011ರವರೆಗೂ ವಾದಿಸಿತು. ಆಗ ಅದನ್ನು ಅತಿ ಹೆಚ್ಚು ತಯಾರಿಸ್ತಿದ್ದ ದೇಶ ನಮ್ಮದೇ. ಏಪ್ರಿಲ್‌ನಲ್ಲಿ ಜಿನೀವಾ ತೀರ್ಮಾನ ಆಯಿತು, ಮೇ 13ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು.

ಅಗ್ಗ ಅಂತಾರಲ್ಲ, ಯಾರ ಲೆಕ್ಕದಲ್ಲಿ ಅಗ್ಗ? ಕೃಷಿ ಬೆಲೆ ಆಯೋಗ ಬೆಳೆಯ ಖರ್ಚು ಹಾಕುವಾಗ ಕೀಟನಾಶಕದ ಬೆಲೆ ಬರೆದುಕೊಳ್ಳುತ್ತೆ. ಔಷಧಿ ಹೊಡೆದು ತಲೆಸುತ್ತಿ ಬಿದ್ದವನ ಆಸ್ಪತ್ರೆ ಖರ್ಚು ಯಾವ ಕಲಮಿನಲ್ಲಿದೆ? ಆ ಹಣಕ್ಕೆ ಒಡವೆ ಅಡ ಇಟ್ಟದ್ದು, ಬಡ್ಡಿ ಕಟ್ಟಿದ್ದು ಯಾವ ಕಲಮಿನಲ್ಲಿದೆ? ಕೂಲಿ ಮಾಡೋ ಆಳು ಬಿದ್ದರೆ ಅವನ ಸಂಸಾರದ ಗತಿ ಏನು? ಇಷ್ಟೂ ಸೇರಿಸಿ ಆಮೇಲೆ ಅಗ್ಗ ಅನ್ನಿ, ಕೇಳ್ತೀವಿ.

ತಿಳಿವಳಿಕೆ ಜಿನೀವಾದಲ್ಲೇ ಉಳಿದರೆ ಏನಾಗುತ್ತೆ? 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತವು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಬೆರೆತಿತ್ತು. ಆ ವಿಷ ರೋಟರ್‌ಡ್ಯಾಮ್ ಪಟ್ಟಿಯಲ್ಲಿ ಆಗಲೇ ಇತ್ತು. ಅಡುಗೆಮನೆಗೆ ಆ ಪಟ್ಟಿ ತಲುಪಿರಲಿಲ್ಲ.

2025ರಲ್ಲಿ ಕ್ಲೋರ್‌ಪೈರಿಫಾಸ್ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದೆ, ಕೆಲವು ಬಳಕೆಗೆ ವಿನಾಯಿತಿ ಇಟ್ಟು. ಗೆದ್ದಲಿಗೆ ಅದನ್ನೇ ನಂಬಿದವರು ಇಲ್ಲಿ ಬಹಳ ಜನ ಇದ್ದೀರಿ. ನಾಳೆ ಅದು ಹೋಗಿ ಎರಡರಷ್ಟು ಬೆಲೆಯ ಸೀಸೆ ಬಂದರೆ ಸಾಲ ಏರೋದು ನಮ್ಮದೇ. ಆದ್ದರಿಂದ ವಿಷ ಹೋಗಲಿ ಅಂದರಷ್ಟೇ ಸಾಲದು.

ನಮ್ಮ ಬೇಡಿಕೆ ನಾಲ್ಕು. ಒಂದು, ಯಾವುದೇ ವಿಷ ನಿಲ್ಲಿಸಿದರೆ ಬದಲಿ ಉಪಾಯ ಅದೇ ಬೆಲೆಗೆ ಸಿಗಬೇಕು, ಮನೆಯಲ್ಲಿ ಉಳಿದ ಸರಕನ್ನು ಕಂಪನಿ ಹಣ ಕೊಟ್ಟು ವಾಪಸು ಪಡೀಬೇಕು. ಎರಡು, ಖಾಲಿ ಡಬ್ಬ ಕಂಪನಿಯೇ ಒಯ್ಯಬೇಕು. ಮೂರು, ಆಸ್ಪತ್ರೆ ಖರ್ಚು ಬೆಳೆಯ ಖರ್ಚಿನ ಲೆಕ್ಕಕ್ಕೆ ಸೇರಬೇಕು. ನಾಲ್ಕು, ಜಿನೀವಾಕ್ಕೆ ಹೋಗುವ ಮುಂಚೆ ಸರ್ಕಾರ ಏನು ಹೇಳ್ತದೆ ಅನ್ನೋದನ್ನು ಕನ್ನಡದಲ್ಲಿ ನಮಗೆ ತಿಳಿಸಬೇಕು.

ನಮ್ಮ ಪಾಲಿನ ಕೆಲಸವೂ ಉಂಟು. ಉದ್ರಿ ಇದೆ ಅಂತ ಅಂಗಡಿಯವನು ಕೊಟ್ಟ ಸೀಸೆಯನ್ನು ಬಾಯಿಮುಚ್ಚಿ ತರಬೇಡಿ. ರಸೀದಿ ಕೇಳಿ, ಲೇಬಲ್ ಓದಿಸಿ, ಕೆಂಪು ತ್ರಿಕೋನ ಇದ್ದರೆ ಬೇರೆ ಇದೆಯೇ ಅಂತ ಕೇಳಿ. ಖಾಲಿ ಡಬ್ಬಕ್ಕೆ ತೂತು ಹಾಕಿ, ಮನೆಯೊಳಗೆ ತರಬೇಡಿ. ದೇಶಕ್ಕೆ ಇರೋ ಒಪ್ಪಿಗೆಯ ಹಕ್ಕು ಅಂಗಡಿ ಮುಂದೆ ನಿಂತ ರೈತನಿಗೂ ಇರಬೇಕು. ಈ ನಾಲ್ಕು ಬೇಡಿಕೆಗೆ ಊರೂರಿನಲ್ಲಿ ಸಹಿ ಹಾಕಿಸಿ ತನ್ನಿ, ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗೋಣ.