ಮಲೆಯಂಚಿನ ಸೈಕಲ್ಲು ಮತ್ತು ಬಹುಕಾಲದ ಒಡೆತನ
(ಉಪನ್ಯಾಸದ ಪಠ್ಯ)



ಕಡೂರು, ಅಜ್ಜಂಪುರ, ತರೀಕೆರೆ ನೆರೆಹೊರೆಯ ಸೀಮೆಗಳಾದರೂ ಸೈಕಲ್ಲನ್ನು ಮೂರು ಬಗೆಯಾಗಿ ಪರೀಕ್ಷಿಸುತ್ತವೆ. ಕಡೂರಿನ ಒಣಬಯಲಿನಲ್ಲಿ ಜಾಲಿಮುಳ್ಳು ಟ್ಯೂಬಿಗೆ ಶತ್ರು. ಅಜ್ಜಂಪುರದ ಎರೆಭೂಮಿಯಲ್ಲಿ ಮಳೆ ಬಿದ್ದೊಡನೆ ಜಿಗುಟು ಮಣ್ಣು ಕವಲಿಗೆ ಮೆತ್ತಿ ಚಕ್ರವನ್ನೇ ಹಿಡಿದುಬಿಡುತ್ತದೆ. ತರೀಕೆರೆಯ ಪರೀಕ್ಷೆ ಇಳಿಜಾರಿನದು.

ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿ 1,434 ಮೀಟರ್. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಗಿದರೆ, 700 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 5.5 ಲಕ್ಷ ಜೂಲ್. ಒಂದೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಗಾಳಿಯ ಮತ್ತು ನೆಲದ ತಡೆಗೆ ಸಲ್ಲುವ ಪಾಲನ್ನು ಕಳೆದು ಉಳಿದುದನ್ನೆಲ್ಲ ಬ್ರೇಕು ಹೀರಿಕೊಳ್ಳಬೇಕು. ಸವೆದ ಬ್ರೇಕ್ ರಬ್ಬರು ಬಯಲಿನಲ್ಲಿ ಬರಿಯ ಕಿರಿಕಿರಿ. ಘಟ್ಟದ ತಿರುವಿನಲ್ಲಿ ಅದು ಜೀವದ ಪ್ರಶ್ನೆ.

ಬೆಟ್ಟದ ಸೈಕಲ್ಲಿನ ಹುಟ್ಟಿನ ಹಿಂದೆಯೂ ಇದೇ ಶಾಖದ ಕಥೆಯಿದೆ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ಯುವಕರು ಹತ್ತಾರು ವರ್ಷ ಹಳೆಯ, ಉಕ್ಕಿನ ಭಾರದ ಸೈಕಲ್ಲುಗಳನ್ನು ದುರಸ್ತಿಗೊಳಿಸಿ ಗುಡ್ಡದಿಂದ ಇಳಿಸುತ್ತಿದ್ದರು. ಹಿಂಬದಿಯ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಆದ್ದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು. ಅಲ್ಲಿ ಮೊದಲ ಸ್ಪರ್ಧೆ ನಡೆದದ್ದು 1976ರ ಅಕ್ಟೋಬರ್ 21ರಂದು. ಇಂದು ಅಂಗಡಿಯಲ್ಲಿ ಮಿನುಗುವ ಈ ವಾಹನ ಮೂಲತಃ ಎಸೆಯದೆ ಉಳಿಸಿಕೊಂಡ ವಸ್ತುವಿನಿಂದ ಹುಟ್ಟಿದುದು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭವಾಯಿತು. ಹೀಗೆ ಮನೆಗೆ ಬಂದ ಸೈಕಲ್ಲು ಕೊಟ್ಟಿಗೆಯ ಗೋಡೆಗೊರಗಿ ತುಕ್ಕು ಹಿಡಿದರೆ, ಅದಕ್ಕೆ ಕಾರಣ ಬಹುತೇಕ ಒಂದು ಸಣ್ಣ ಭಾಗದ ಅಲಕ್ಷ್ಯ. ಸರಪಳಿಯನ್ನೇ ನೋಡಿರಿ. ಅದರ 24 ಕೊಂಡಿಗಳು ಸರಿಯಾಗಿ 12 ಇಂಚು. ಸವೆತದಿಂದ ಈ ಅಳತೆ ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಿದರೆ ಸರಪಳಿ ಬದಲಿಸಬೇಕು. ಎಂಟನೆಯ ಒಂದು ಭಾಗ ಹೆಚ್ಚುವವರೆಗೆ ಸುಮ್ಮನಿದ್ದರೆ ಹಲ್ಲುಚಕ್ರಗಳೂ ಹಾಳಾಗುತ್ತವೆ. ಅಗ್ಗದ ದುರಸ್ತಿ ದುಬಾರಿಯಾಗುತ್ತದೆ. ಕೊಳ್ಳುವವರು ಉಕ್ಕಿನ ಚೌಕಟ್ಟನ್ನು ಆರಿಸುವುದು ಲೇಸು. ಅದು ಬಿರಿದರೆ ಊರಿನ ನುರಿತ ಬೆಸುಗೆಗಾರ ಸರಿಪಡಿಸಬಲ್ಲ. ಅಲ್ಯೂಮಿನಿಯಂ ಅಷ್ಟು ಸುಲಭವಾಗಿ ಕೈಗೆ ಬಗ್ಗದು.

ಒಡೆತನಕ್ಕೆ ನೆಲದ ಹೊಣೆಯೂ ಸೇರಿದೆ. ತೋಯ್ದ ಕಾಲುದಾರಿಯಲ್ಲಿ ಹಿಂಚಕ್ರ ಬಿಗಿದು ಜಾರಿಸಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ನೀರು ಹರಿಯುತ್ತದೆ, ಕೆಲವೇ ಮಳೆಗಳಲ್ಲಿ ಅದು ಕೊರಕಲಾಗುತ್ತದೆ. ಸರಪಳಿ ತೊಳೆದ ಸೀಮೆಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಬಾರದು.

ಪ್ರತಿ ಶಾಲೆಯಲ್ಲಿ ಒಂದು ಪಾನಾ, ಒಂದು ಪಂಪು, ಒಂದು ಅಳತೆಪಟ್ಟಿ ಇರಲಿ. ವಾರಕ್ಕೊಂದು ಗಂಟೆ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸಲಿ. ಮೊದಲ ಪಾಠ ಬ್ರೇಕಿನದಾಗಲಿ.