ಒಬ್ಬರ ಕೈಯಲ್ಲಿ ಆಗದ ಕೆಲಸ
(ಸತ್ತಿಯಲ್ಲಿ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಮಾಡಿದ ಭಾಷಣ)

 

ನಮ್ಮ ಈ ಕೃಷ್ಣಾ ತೀರ ಒಂದು ಕಾಲಕ್ಕೆ ವಿಜಯಪುರದ ಆದಿಲ್‌ಶಾಹಿ ಅರಸರ ಆಡಳಿತದಲ್ಲಿತ್ತು. ಆ ರಾಜ್ಯ 1686ರಲ್ಲಿ ಕೊನೆಗೊಂಡಿತು. ಅದರ ಚರಿತ್ರೆ ಬಹುಪಾಲು ಫಾರಸಿ, ದಖನಿ ಭಾಷೆಯ ಗ್ರಂಥಗಳಲ್ಲೇ ಉಳಿಯಿತು. ಕನ್ನಡ ಮಾತ್ರ ಬಲ್ಲವರಿಗೆ ತಮ್ಮ ನೆಲದ ಕಥೆಯೇ ಸಿಗದಂತಾಯಿತು.

ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ ಆ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡಿತು. ಅದರ ಹಿಂದೆ ನಿಂತವರು ಕನ್ನಡದ ಪ್ರಾಧ್ಯಾಪಕ ಡಾ. ಎಂ.ಎಂ. ಕಲಬುರ್ಗಿ. ಫಾರಸಿ ಬಲ್ಲವರು ಪದದ ಅರ್ಥ ಹೇಳಬಲ್ಲರು; ಊರು, ಹುದ್ದೆ, ಕಾಲ ಗುರುತಿಸಲು ಇತಿಹಾಸದವರು ಬೇಕು; ಓದುಗನಿಗೆ ತಿಳಿಯುವಂತೆ ಬರೆಯಲು ಕನ್ನಡದವರು ಬೇಕು. 2015ರಲ್ಲಿ ಕಲಬುರ್ಗಿಯವರ ಹತ್ಯೆಯಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ಅದು ಹಲವರ ಕೆಲಸವಾಗಿತ್ತು.

ಮಕ್ಕಳೇ, ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ನಿಮಗೆ ಸಹಜ. ಇದನ್ನು ಹೊರೆ ಎಂದು ತಿಳಿಯಬೇಡಿ. ಇಂಥ ಕೆಲಸಕ್ಕೆ ಇದೇ ಬಂಡವಾಳ. ನೀವು ಯಾವ ವಿಷಯವನ್ನೇ ಓದಿ, ಪಕ್ಕದ ವಿಭಾಗದ ಗುರುಗಳ ಬಳಿ ಹೋಗಿ ಕೇಳಲು ಸಂಕೋಚ ಪಡಬೇಡಿ. ನಿಮಗೆ ಗೊತ್ತಿದ್ದುದನ್ನು ಇನ್ನೊಬ್ಬರಿಗೆ ಹೇಳಿಕೊಡಿ.