ತೀನ್ ಮೂರ್ತಿಯಿಂದ ಹೈಫಾಕ್ಕೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಬಂತೆಂದರೆ ದೆಹಲಿಯ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ಸಂಭ್ರಮ. 1918ರಲ್ಲಿ ಇದೇ ತಿಂಗಳ 11ರಂದು ಮೊದಲನೆಯ ಮಹಾಯುದ್ಧ ನಿಂತಿತೆಂಬುದು ನಮಗೆ ನೆನಪಾಗುವುದು ಅಪರೂಪ. ಆ ಯುದ್ಧದೊಡನೆ ನಮ್ಮ ನಾಡಿಗಿರುವ ನಂಟನ್ನು ನಮಗೆ ತಿಳಿಸಿಕೊಟ್ಟವನು ನಮ್ಮ ಮಗ.

ಕೆಲವು ವರ್ಷಗಳ ಕೆಳಗೆ ನಾವು ಇಸ್ರೇಲಿಗೆ ಪ್ರವಾಸ ಹೋಗಿದ್ದೆವು. ಮಗನಿಗೆ ಆಗ ಹದಿನೈದು. ಹೈಫಾದಲ್ಲಿ ಸಮುದ್ರ ನೋಡೋಣವೆಂದು ನಾವು ಹೊರಟರೆ, ಅವನು, "ಮೊದಲು ನಮ್ಮ ಸೈನಿಕರ ಸ್ಮಶಾನ ನೋಡೋಣ" ಎಂದು ಹಟ ಹಿಡಿದ. ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದ್ದನ್ನು ಅವನು ಓದಿದ್ದ. ಅಲ್ಲಿರುವ ಮೂರು ಪ್ರತಿಮೆಗಳು ಮೈಸೂರು, ಹೈದರಾಬಾದು, ಜೋಧಪುರಗಳ ಅಶ್ವದಳಗಳ ನೆನಪಿನವು. ಎಷ್ಟೋ ವರ್ಷ ಅವುಗಳ ಮುಂದೆ ಓಡಾಡಿದ ನಮಗೆ ಅದು ತಿಳಿದಿರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ.

ಮೈಸೂರು ಲ್ಯಾನ್ಸರ್ಸ್ ದಳ 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿದ್ದ ಶತ್ರುಗಳ ಫಿರಂಗಿಗಳನ್ನು ಅಡಗಿಸಿತು. ಜೋಧಪುರದ ರಾವುತರು ಈಟಿ ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾಗಿ ಊರೊಳಕ್ಕೆ ನುಗ್ಗಿದರು. ಸುಮಾರು 1,350 ಜನ ಸೆರೆಸಿಕ್ಕರು. ನಮ್ಮವರಲ್ಲಿ 8 ಮಂದಿ ಮಡಿದರು, 34 ಮಂದಿ ಗಾಯಗೊಂಡರು.

"ಎಂಟೇ ಜನವೆ?" ಎಂದು ನಮ್ಮ ಬಾಯಿಂದ ಬಂತು. ಮಗ ಕೂಡಲೇ, "ಎಂಟು ಮನೆಗಳು, ಅಪ್ಪಾ" ಎಂದ. ನಾವು ಮಾತಾಡಲಿಲ್ಲ.

ಸ್ಮಶಾನದಲ್ಲಿ ಅವನು ಕೇಳಿದ ಪ್ರಶ್ನೆ ಇನ್ನೂ ಕಠಿಣವಾದದ್ದು. "ಅಮ್ಮಾ, ಇವರು ಯಾರಿಗಾಗಿ ಸತ್ತರು? ನಮ್ಮ ದೇಶ ಆಗ ನಮ್ಮದಾಗಿರಲಿಲ್ಲವಲ್ಲ?" ಮಹಾರಾಜರ ಪಡೆ ಬ್ರಿಟಿಷರ ಯುದ್ಧಕ್ಕೆ ಹೋಗಿತ್ತು, ನಿಜ. ಕೆಲವರು ಸಂಬಳಕ್ಕಾಗಿ, ಕೆಲವರು ಉಪ್ಪಿನ ಋಣಕ್ಕಾಗಿ ಹೋಗಿರಬೇಕು. ಅವರನ್ನು ಸುಮ್ಮನೆ ಹೊಗಳಿದರೆ ಅರ್ಧ ಸತ್ಯ. ಪರರ ಚಾಕರಿ ಮಾಡಿದವರೆಂದು ಮರೆತರೆ ಅನ್ಯಾಯ. ಹಾಗೆಂದೇ ಮಗನಿಗೆ ಹೇಳಿದೆವು. ಬೇರೆ ಉತ್ತರ ನಮ್ಮಲ್ಲಿರಲಿಲ್ಲ.

ಹಾಗೆ ಮರೆತದ್ದೂ ಉಂಟು. ಆ ಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಮಂದಿಯ ಹೆಸರುಗಳನ್ನು ಎಲ್ಲಿಯೂ ಕೆತ್ತಿಲ್ಲವೆಂದೂ, ಅವರಲ್ಲಿ ಆಫ್ರಿಕದವರು ಇದ್ದಾರೆಂದೂ, ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಹೈಫಾದ ಕಲ್ಲಿನ ಮೇಲೆ ಹೆಸರಾದರೂ ಉಳಿದಿದೆ.

ಮಗ ಇಂಗ್ಲಿಷ್ ಅಕ್ಷರದಲ್ಲಿದ್ದ ಕೆಲವು ಹೆಸರುಗಳನ್ನು ಬರೆದುಕೊಂಡ. ರಾತ್ರಿ ಹೋಟೆಲಿನಲ್ಲಿ, "ಇವನ್ನು ಕನ್ನಡದಲ್ಲಿ ಹೇಗೆ ಬರೆಯುವುದು?" ಎಂದು ಕೇಳಿದ. ಕನ್ನಡ ಕಲಿ ಎಂದು ನಾವು ಗದರಿದಾಗಲೆಲ್ಲ ಮುಖ ತಿರುಗಿಸುತ್ತಿದ್ದ ಹುಡುಗ! ಅಂದು ತಾನೇ ಕುಳಿತು ಒಂದೊಂದು ಅಕ್ಷರವನ್ನೂ ತಿದ್ದಿದ.

ಬಂಧುಗಳೇ, ದೂರದ ಊರುಗಳಿಗೆ ಹೋದಾಗ ಅಂಗಡಿ, ಅರಮನೆಗಳ ಜೊತೆಗೆ ಇಂಥ ಜಾಗಗಳಿಗೂ ಮಕ್ಕಳನ್ನು ಕರೆದೊಯ್ಯಿರಿ. ಅವರ ಪ್ರಶ್ನೆಗಳಿಗೆ ಅವಸರದ ಉತ್ತರ ಬೇಡ. ಹೈಫಾ ದೂರವಾದರೆ ತೀನ್ ಮೂರ್ತಿ ಹತ್ತಿರವೇ ಇದೆ. ಮುಂದಿನ ಸೆಪ್ಟೆಂಬರ್ 23ರಂದು ಸಂಘದ ಮಕ್ಕಳೆಲ್ಲ ಅಲ್ಲಿಗೆ ಹೋಗಿ ಒಂದೊಂದು ಹೂವಿಟ್ಟು ಬರಲೆಂದು ಬಿನ್ನವಿಸಿಕೊಂಡು, ನಮ್ಮ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.